ಟ್ರೌಟ್ ತೊಟ್ಟಿಗೆ, ಮಹಶೀರ್ ಹೊಳೆಗೆ

ಹಿಮಾಲಯದ ಬೆಟ್ಟದೂರಿನಲ್ಲಿ ಟ್ರೌಟ್ ಮೀನು ಸಾಕಲು ಹೊರಟವರಿಗೆ ಮೊದಲು ಬೇಕಾದದ್ದು ಮೀನುಮರಿಯೂ ಅಲ್ಲ, ಸಿಮೆಂಟೂ ಅಲ್ಲ. ಒಂದು ಅಳತೆ ಟೇಪು, ಒಂದು ಥರ್ಮಾಮೀಟರು, ಒಂದು ಒಣ ಎಲೆ ಇದ್ದರೆ ಅರ್ಧ ಯೋಜನೆ ಅಲ್ಲೇ ತೀರ್ಮಾನವಾಗುತ್ತದೆ. ತೊರೆಯಿಂದ ತಿರುಗಿಸಿದ ಕಾಲುವೆಯ ಅಗಲ 30 ಸೆಂಟಿಮೀಟರ್, ನೀರಿನ ಆಳ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎಲೆಯನ್ನು ತೇಲಿಬಿಟ್ಟರೆ ಐದು ಮೀಟರ್ ಸಾಗಲು ಅದಕ್ಕೆ 13 ಸೆಕೆಂಡು ಹಿಡಿಯಿತು. ಮೇಲಿನ ನೀರು ತಳದ ನೀರಿಗಿಂತ ಚುರುಕಾಗಿ ಓಡುವುದರಿಂದ ಬಂದ ವೇಗವನ್ನು 0.8ರಿಂದ ಗುಣಿಸಬೇಕು. ಲೆಕ್ಕ ಮುಗಿಸಿದರೆ ಸೆಕೆಂಡಿಗೆ ಸುಮಾರು 14 ಲೀಟರ್ ನೀರು.

ಈ ಹದಿನಾಲ್ಕು ಲೀಟರಿನಲ್ಲಿ ಎಷ್ಟು ಮೀನು ಬದುಕಬಲ್ಲದು ಎಂಬುದನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. ಅದಕ್ಕೆ ತಣ್ಣೀರಿನ ಸ್ವಭಾವ ಸ್ವಲ್ಪ ತಿಳಿದಿರಬೇಕು.

ನೀರು ತಣ್ಣಗಿದ್ದಷ್ಟೂ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 30 ಡಿಗ್ರಿ ಸೆಲ್ಸಿಯಸ್ ನೀರಿನ ಒಂದು ಲೀಟರಿನಲ್ಲಿ ಕರಗಬಲ್ಲ ಆಮ್ಲಜನಕ ಸುಮಾರು 7.6 ಮಿಲಿಗ್ರಾಂ, 10 ಡಿಗ್ರಿಯ ನೀರಿನಲ್ಲಿ 11.3 ಮಿಲಿಗ್ರಾಂ. ಹಾಗೆಂದು ಬೆಟ್ಟದ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ ಎಂದುಕೊಳ್ಳುವಂತಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಅದರೊಂದಿಗೆ ನೀರಿಗೆ ಇಳಿಯುವ ಆಮ್ಲಜನಕವೂ. 2000 ಮೀಟರ್ ಎತ್ತರದಲ್ಲಿ ಅದೇ 10 ಡಿಗ್ರಿಯ ನೀರಿಗೆ ಸಿಗುವುದು 9 ಮಿಲಿಗ್ರಾಂ ಆಸುಪಾಸು. ಟ್ರೌಟ್‌ಗೆ ಕನಿಷ್ಠ 6 ಮಿಲಿಗ್ರಾಂ ಬೇಕು, 7ಕ್ಕಿಂತ ಮೇಲಿದ್ದರೆ ಕ್ಷೇಮ. ಅಂದರೆ ಒಳಬರುವ 9ಕ್ಕೂ ಹೊರಹೋಗುವ 6ಕ್ಕೂ ನಡುವೆ ಸಾಕುವವನ ಪಾಲಿಗೆ ಉಳಿಯುವುದು ಲೀಟರಿಗೆ 3 ಮಿಲಿಗ್ರಾಂ ಮಾತ್ರ.

ಬೆಳೆದ ಟ್ರೌಟ್ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 300 ಮಿಲಿಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ ಒಂದು ಲೀಟರ್ ನೀರೆಂದರೆ ಗಂಟೆಗೆ 3600 ಲೀಟರ್. ಲೀಟರಿಗೆ 3 ಮಿಲಿಗ್ರಾಂನಂತೆ 10,800 ಮಿಲಿಗ್ರಾಂ. ಭಾಗಿಸಿದರೆ 36 ಕಿಲೋ. ಹಾಗಾಗಿ ಸೆಕೆಂಡಿಗೆ 14 ಲೀಟರ್ ಹರಿವಿದ್ದವನು ಯಾವುದೇ ಒಂದು ಹೊತ್ತಿನಲ್ಲಿ ಸುಮಾರು 500 ಕಿಲೋ ಮೀನು ಇಟ್ಟುಕೊಳ್ಳಬಹುದು. ಇದು ಒರಟು ಲೆಕ್ಕ. ಮೀನು ತಿಂದ ಮೇಲೆ ಉಸಿರಾಟ ಜೋರಾಗುತ್ತದೆ, ನೀರು ಬಿಸಿಯಾದರೆ ಇನ್ನೂ ಜೋರಾಗುತ್ತದೆ. ಆದ್ದರಿಂದ ಜಾಣರು ಲೆಕ್ಕಕ್ಕಿಂತ ಕಡಿಮೆಯೇ ಇಡುತ್ತಾರೆ. ಎಲೆ ತೇಲಿಸುವ ಕೆಲಸವನ್ನು ಮಳೆಗಾಲದಲ್ಲಿ ಮಾಡಿ ಖುಷಿಪಡುವುದಂತೂ ಕೂಡದು. ವರ್ಷದಲ್ಲಿ ನೀರು ತೀರ ಬತ್ತುವ ತಿಂಗಳಿನ ಅಳತೆಯೇ ನಿಜವಾದ ಅಳತೆ.

ಇನ್ನು ಥರ್ಮಾಮೀಟರು. ಕಾಮನಬಿಲ್ಲಿನ ಬಣ್ಣದ ಪಟ್ಟಿ ಹೊತ್ತ ರೇನ್‌ಬೋ ಟ್ರೌಟ್ ಚೆನ್ನಾಗಿ ಬೆಳೆಯುವುದು 10ರಿಂದ 18 ಡಿಗ್ರಿಯೊಳಗೆ. 20 ದಾಟಿದರೆ ಮೇವು ಬಿಡುತ್ತದೆ, 25ರ ಹತ್ತಿರ ಬಂದರೆ ಸಾಯುತ್ತದೆ. ಮೇಲಿನ ಮಿತಿ ಇಷ್ಟು ಬಿಗಿ. ಕೆಳಗಿನ ಮಿತಿ ಮೀನನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಲ್ಲಿಸುತ್ತದೆ ಅಷ್ಟೆ. ಹಿಮ ಕರಗಿದ 4 ಡಿಗ್ರಿ ನೀರು ಫೋಟೋದಲ್ಲಿ ಸೊಗಸು, ವ್ಯಾಪಾರಕ್ಕೆ ನಷ್ಟ. ಹಿಮನದಿಯ ಬೂದುನೀರಿಗಿಂತ ಬುಗ್ಗೆಯಿಂದ ಹೊರಡುವ ತಿಳಿನೀರು ಟ್ರೌಟ್‌ಗೆ ಹಿತ. ಕಾಶ್ಮೀರದ ಅನಂತನಾಗ್ ಜಿಲ್ಲೆಯ ಕೋಕರ್‌ನಾಗ್‌ನಲ್ಲಿ ಹೆಸರಾಂತ ಟ್ರೌಟ್ ಕೇಂದ್ರ ತಲೆಯೆತ್ತಿದ್ದು ಬುಗ್ಗೆಗಳ ಪಕ್ಕದಲ್ಲೇ.

ನಮ್ಮ ಕಡೆಯವರು ಈ ಮಾತು ಬಂದಾಗಲೆಲ್ಲ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಮಾಡಬಾರದೇಕೆ ಎಂದು ಕೇಳುತ್ತಾರೆ. ಕರ್ನಾಟಕದಲ್ಲಿ 2000 ಮೀಟರ್ ಮುಟ್ಟುವ ಬೆಟ್ಟವೇ ಇಲ್ಲ. ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೂ ಅದಕ್ಕೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ದಕ್ಷಿಣದಲ್ಲಿ ಟ್ರೌಟ್ ನೆಲೆಯೂರಿದ್ದು ನೀಲಗಿರಿಯ ಅವಲಾಂಚಿ ಸುತ್ತಿನಲ್ಲಿ ಮತ್ತು ಮುನ್ನಾರಿನ ಮೇಲಿನ ಹುಲ್ಲುಗಾವಲಿನ ತೊರೆಗಳಲ್ಲಿ. ಆ ಎತ್ತರವೂ ಆ ತಂಪೂ ನಮ್ಮಲ್ಲಿಲ್ಲ.

ಮೊಟ್ಟೆಯ ಪಯಣ

ಟ್ರೌಟ್ ಭಾರತದ ಮೀನಲ್ಲ. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳದು. ಗಾಳ ಹಾಕುವ ಚಟವಿದ್ದ ಬ್ರಿಟಿಷರು ಇವನ್ನು ಇಲ್ಲಿಗೆ ತಂದರು. 1863ರಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ಮೊಟ್ಟೆ ತರಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಕಾಶ್ಮೀರಕ್ಕೆ 1899ರಲ್ಲಿ ಬಂದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ಕೆಟ್ಟವು, ಮರುವರ್ಷದವು ಬದುಕಿದವು. ಶ್ರೀನಗರದಲ್ಲಿ ರತ್ನಗಂಬಳಿ ವ್ಯಾಪಾರ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಎಂಬವರು ಹರ್ವಾನ್‌ನಲ್ಲಿ ಅವನ್ನು ಮರಿ ಮಾಡಿಸಿದರು. 1909ರಲ್ಲಿ ಕುಲ್ಲು ಕಣಿವೆಯ ಕಟ್ರೈನ್ ಬಳಿ ಹೊವೆಲ್ ಎಂಬ ಅಧಿಕಾರಿ ಹ್ಯಾಚರಿ ಕಟ್ಟಿಸಿ ಬಿಯಾಸ್ ನದಿಗೆ ಬ್ರೌನ್ ಟ್ರೌಟ್ ಬಿಡಿಸಿದರು. ಅಲ್ಲಿಯವರೆಗೂ ಆಮೇಲೂ ಬಹುಕಾಲ ಇದು ದೊರೆಗಳ ಮೋಜಿನ ಮೀನಾಗಿತ್ತೇ ಹೊರತು ಊಟದ ಮೀನಾಗಿರಲಿಲ್ಲ. 1980ರ ದಶಕದಲ್ಲಿ ಕೋಕರ್‌ನಾಗ್‌ಗೆ ಯುರೋಪಿಯನ್ ಆರ್ಥಿಕ ಸಮುದಾಯದ ನೆರವು, ಕುಲ್ಲುವಿನ ಪತ್ಲಿಕೂಹಲ್ ಕೇಂದ್ರಕ್ಕೆ ನಾರ್ವೆಯ ನೆರವು ಸಿಕ್ಕ ಮೇಲೆ ರೈತರ ಹೊಲದಂಚಿಗೆ ರೇನ್‌ಬೋ ಟ್ರೌಟ್ ಬಂತು.

ಸಾವಿರಾರು ಮೈಲಿ ಹಡಗಿನಲ್ಲಿ ಮೊಟ್ಟೆ ಹೇಗೆ ಬಂತು? ಟ್ರೌಟ್ ಮೊಟ್ಟೆಯ ಬದುಕಿನಲ್ಲಿ ಒಂದು ಅನುಕೂಲದ ಅವಧಿಯಿದೆ. ಫಲಿತಗೊಂಡ ಮೊದಲ ದಿನದ ಬಳಿಕ ಅದು ಎಷ್ಟು ನಾಜೂಕೆಂದರೆ ತಟ್ಟೆ ಅಲುಗಿದರೂ, ನೇರ ಬಿಸಿಲು ಬಿದ್ದರೂ ಸಾಯುತ್ತದೆ. ಒಳಗಿನ ಭ್ರೂಣಕ್ಕೆ ಎರಡು ಕಪ್ಪು ಕಣ್ಣು ಮೂಡಿದ ಮೇಲೆ ಮಾತ್ರ ಗಟ್ಟಿಯಾಗುತ್ತದೆ. ಆಗ ಒದ್ದೆ ಬಟ್ಟೆ, ಮಂಜುಗಡ್ಡೆಯ ನಡುವೆ ನೀರಿಲ್ಲದೆಯೇ ದಿನಗಟ್ಟಲೆ ಸಾಗಿಸಬಹುದು. ಇಂದಿಗೂ ಹಿಮಾಚಲ, ಕಾಶ್ಮೀರಗಳಿಗೆ ಡೆನ್ಮಾರ್ಕಿನಿಂದ ವಿಮಾನದಲ್ಲಿ ಬರುವುದು ಈ ಕಣ್ಣು ಮೂಡಿದ ಮೊಟ್ಟೆಗಳೇ. ಬಂದ ಮೊಟ್ಟೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಸ್ವಲ್ಪ ಕಾಲ ಪ್ರತ್ಯೇಕವಾಗಿಟ್ಟು ನೋಡಬೇಕು. ಯುರೋಪಿನ ಸಾಕಣೆ ಕೇಂದ್ರಗಳನ್ನು ಕಾಡಿದ ವೈರಾಣುಗಳು ಮೊಟ್ಟೆಯ ಮೈಗಂಟಿಕೊಂಡು ಬೆಟ್ಟ ಹತ್ತಬಾರದಲ್ಲ.

ಇಲ್ಲಿಯೇ ಮರಿ ಮಾಡಿಸುವುದಾದರೆ ಕೆಲಸ ಶುರುವಾಗುವುದು ಚಳಿ ಕಚ್ಚುವ ನವೆಂಬರಿನಿಂದ ಫೆಬ್ರವರಿಯೊಳಗೆ. ಸಾಕಿದ ರೇನ್‌ಬೋ ಟ್ರೌಟ್ ತೊಟ್ಟಿಯಲ್ಲಿ ತಾನಾಗಿ ಸಂತಾನ ಮಾಡುವುದಿಲ್ಲ. ಅದಕ್ಕೆ ಜಲ್ಲಿಕಲ್ಲಿನ ತಳ, ಹರಿವ ನೀರು ಬೇಕು. ಆದ್ದರಿಂದ ಕೈಯಿಂದಲೇ ಹಿಂಡಿ ತೆಗೆಯುತ್ತಾರೆ. ಬಲಿತ ಹೆಣ್ಣುಮೀನನ್ನು ಬಟ್ಟೆಯಲ್ಲಿ ಹಿಡಿದು ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ನೀವಿದರೆ ಕಿತ್ತಳೆ ಬಣ್ಣದ ಮೊಟ್ಟೆಗಳು ಒಣ ಬೋಗುಣಿಗೆ ಸುರಿಯುತ್ತವೆ. ಒಂದು ಕಿಲೋ ತೂಗುವ ಹೆಣ್ಣಿನಲ್ಲಿ ಸುಮಾರು 2000 ಮೊಟ್ಟೆ. ನಮ್ಮ ಕಾಟ್ಲಾ, ರೋಹು ಲಕ್ಷದ ಲೆಕ್ಕದಲ್ಲಿ ಇಡುವುದನ್ನು ನೆನೆದರೆ ಇದು ಅತ್ಯಲ್ಪ. ಅದರ ಮೇಲೆ ಗಂಡಿನ ರೇತಸ್ಸು ಹಿಂಡಿ, ಕೋಳಿಗರಿಯಿಂದ ಕಲಸಿ, ಆಮೇಲಷ್ಟೇ ನೀರು ಹಾಕಬೇಕು. ನೀರು ತಾಗಿದ ಗಳಿಗೆಯಿಂದ ವೀರ್ಯಾಣುವಿನ ಆಯಸ್ಸು ಒಂದು ನಿಮಿಷವೂ ಇಲ್ಲ; ಮೊದಲೇ ನೀರು ಬಿದ್ದರೆ ಬೋಗುಣಿಯಲ್ಲಿ ಉಳಿಯುವುದು ಬರಡು ಮೊಟ್ಟೆ. ಈ ಒಣ ವಿಧಾನವನ್ನು 19ನೇ ಶತಮಾನದ ನಡುವಿನಲ್ಲಿ ರಷ್ಯಾದ ವ್ರಾಸ್ಕಿ ಕಂಡುಕೊಂಡ. ಅಲ್ಲಿಯವರೆಗೆ ಎಲ್ಲರೂ ನೀರು ತುಂಬಿದ ಪಾತ್ರೆಗೇ ಹಿಂಡುತ್ತಿದ್ದರು, ಬಹುಪಾಲು ಮೊಟ್ಟೆ ಹಾಳಾಗುತ್ತಿತ್ತು.

ಮೊಟ್ಟೆ ಒಡೆಯುವ ದಿನವನ್ನು ಪಂಚಾಂಗ ನೋಡಿ ಹೇಳಲಾಗದು, ನೀರಿನ ತಾಪ ನೋಡಿ ಹೇಳಬಹುದು. ದಿನದ ಸರಾಸರಿ ಡಿಗ್ರಿಗಳನ್ನು ಕೂಡುತ್ತ ಹೋಗಿ. ಮೊತ್ತ 310ರ ಆಸುಪಾಸು ಮುಟ್ಟಿದಾಗ ರೇನ್‌ಬೋ ಮರಿ ಹೊರಬರುತ್ತದೆ. ನೀರು 10 ಡಿಗ್ರಿ ಇದ್ದರೆ ಒಂದು ತಿಂಗಳು, ಏಳೂವರೆಯಿದ್ದರೆ ಸುಮಾರು ಆರು ವಾರ. ಈ ಅವಧಿಯಲ್ಲಿ ಹ್ಯಾಚರಿ ಸಿಬ್ಬಂದಿಗೆ ಒಂದೇ ಬೇಸರದ ಕೆಲಸ: ಬೆಳ್ಳಗಾದ ಸತ್ತ ಮೊಟ್ಟೆಗಳನ್ನು ಆರಿಸಿ ತೆಗೆಯುವುದು. ಒಂದು ಬಿಟ್ಟರೆ ಅದರ ಮೇಲೆ ಹತ್ತಿಯಂತೆ ಶಿಲೀಂಧ್ರ ಬೆಳೆದು ಸುತ್ತಲಿನ ಜೀವಂತ ಮೊಟ್ಟೆಗಳನ್ನೂ ಸುತ್ತಿಕೊಳ್ಳುತ್ತದೆ. ಒಡೆದ ಮರಿ ಹೊಟ್ಟೆಯಡಿಯ ಹಳದಿ ಚೀಲವನ್ನೇ ಕರಗಿಸಿಕೊಂಡು ಕೆಲವು ವಾರ ತಳದಲ್ಲಿ ಮಲಗಿರುತ್ತದೆ. ಚೀಲ ಮುಗಿದು ಮರಿ ಮೇಲೆದ್ದು ಈಜತೊಡಗಿದ ದಿನವೇ ಮೊದಲ ತುತ್ತು ಕೊಡಬೇಕು. ಅದೂ ದಿನಕ್ಕೆ ಎಂಟು–ಹತ್ತು ಸಲ, ಹುಡಿಯಂತೆ. ಅಲ್ಲಿ ತಡವಾದರೆ ಮರಿ ತಿನ್ನುವುದನ್ನೇ ಕಲಿಯುವುದಿಲ್ಲ. ಹ್ಯಾಚರಿಯ ನಷ್ಟದಲ್ಲಿ ದೊಡ್ಡ ಪಾಲು ಈ ವಾರದ್ದು.

ತೊಟ್ಟಿ, ಮೇವು, ಮಾರುಕಟ್ಟೆ

ಬೆಳೆಸುವ ತೊಟ್ಟಿಯನ್ನು ರೇಸ್‌ವೇ ಎನ್ನುತ್ತಾರೆ. ಸುಮಾರು 15 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಗೋಡೆ. ಒಂದು ತುದಿಯಿಂದ ನೀರು ಬಂದು ಇನ್ನೊಂದು ತುದಿಯಿಂದ ಹೋಗುವ ಉದ್ದನೆಯ ಸಿಮೆಂಟು ಕಾಲುವೆ ಎಂದರೂ ಸರಿ. ಒಂದು ಮೀಟರ್ ಆಳ ನೀರು ನಿಲ್ಲಿಸಿದರೆ 30 ಘನ ಮೀಟರ್. ಆಗಲೇ ಅಳೆದ ಸೆಕೆಂಡಿಗೆ 14 ಲೀಟರ್ ಹರಿವು ಇಷ್ಟು ನೀರನ್ನು ಗಂಟೆಗೆ ಒಂದೂವರೆ ಸಲಕ್ಕಿಂತ ಹೆಚ್ಚು ಬದಲಿಸುತ್ತದೆ. ತೊಟ್ಟಿ ದೊಡ್ಡದು ಮಾಡಿದರೆ ಮೀನು ಹೆಚ್ಚು ಹಿಡಿಯುತ್ತದೆ ಎಂಬ ಭ್ರಮೆ ಹೊಸಬರಲ್ಲಿ ಸಾಮಾನ್ಯ. ನೀರು ಅಷ್ಟೇ ಇದ್ದು ತೊಟ್ಟಿ ಎರಡಾದರೆ ಮೀನು ಎರಡರಷ್ಟಾಗುವುದಿಲ್ಲ, ಸಾಲ ಮಾತ್ರ ಎರಡರಷ್ಟಾಗುತ್ತದೆ.

ಒಂದು ತೊಟ್ಟಿಯ ನೀರನ್ನು ಕೆಳಗಿನ ಇನ್ನೊಂದಕ್ಕೆ ಹಾಯಿಸುವುದುಂಟು. ನಡುವೆ ನೀರು ಎರಡು–ಮೂರು ಅಡಿ ಎತ್ತರದಿಂದ ಕಲ್ಲಿನ ಮೇಲೆ ಬಿದ್ದು ಸಿಡಿದರೆ ಕಳೆದುಕೊಂಡ ಆಮ್ಲಜನಕದಲ್ಲಿ ಒಂದಷ್ಟು ಮರಳಿ ಸೇರುತ್ತದೆ. ಇಳಿಜಾರು ನೆಲ ಪುಕ್ಕಟೆ ಕೊಡುವ ಸವಲತ್ತು ಇದು. ಆದರೆ ಮೀನು ಮುಖ್ಯವಾಗಿ ಕಿವಿರಿನ ಮೂಲಕ ಬಿಡುವ ಅಮೋನಿಯಾ ಸಿಡಿದು ಬಿದ್ದಮಾತ್ರಕ್ಕೆ ಹೋಗದು. ಹೀಗೆ ಎರಡು ಮೂರು ತೊಟ್ಟಿ ದಾಟಿಸುವುದೇ ಹೆಚ್ಚು.

ಟ್ರೌಟ್ ಮಾಂಸಾಹಾರಿ. ಹಿಂಡಿ, ತೌಡು ಹಾಕಿ ಸಾಕಲಾಗದು. ಮೇವಿನಲ್ಲಿ ಮರಿಗೆ 45–50 ಶೇಕಡಾ, ಬೆಳೆದದ್ದಕ್ಕೆ 40 ಶೇಕಡಾ ಆಸುಪಾಸು ಪ್ರೋಟೀನ್ ಬೇಕು. ಅದರಲ್ಲಿ ಬಹುಪಾಲು ಸಮುದ್ರದ ಮೀನಿನ ಹುಡಿಯಿಂದ ಬರುತ್ತದೆ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಮೇವಿಗೇ. ಒಳ್ಳೆಯ ಮೇವಾದರೆ ಒಂದೂಕಾಲು–ಒಂದೂವರೆ ಕಿಲೋ ತಿಂದು ಒಂದು ಕಿಲೋ ತೂಕ ಬರುತ್ತದೆ. ಕಳಪೆಯಾದರೆ ಎರಡು ಕಿಲೋ ತಿಂದೂ ಬರುವುದಿಲ್ಲ. ಚೀಲಕ್ಕೆ ಉಳಿಸಿದ ಹಣ ತೊಟ್ಟಿಯ ತಳದಲ್ಲಿ ಕೊಳೆಯುತ್ತದೆ. ಕಾಲು ಕಿಲೋ ತೂಕದ, ಒಬ್ಬರ ತಟ್ಟೆಗೆ ಒಂದಾಗುವ ಮೀನಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಹಾಕಿದ ಒಂದು ಕಿಲೋ ಮೇವಿಗೆ ಕಾಲು ಕಿಲೋದಷ್ಟು ಘನ ಕಶ್ಮಲವೂ ಹೊರಬರುತ್ತದೆ ಎಂಬುದನ್ನು ಸಾಲದ ಅರ್ಜಿಯಲ್ಲಿ ಯಾರೂ ಬರೆಯುವುದಿಲ್ಲ. ತೊಟ್ಟಿಯ ನೀರು ಹೊಳೆಗೆ ಸೇರುವ ಮೊದಲು ಒಂದು ಹೊಂಡದಲ್ಲಿ ನಿಂತು ಹೂಳು ಇಳಿಸಿ ಹೋಗಬೇಕು. ಆ ಹೂಳು ಸೇಬಿನ ತೋಟಕ್ಕೆ ಒಳ್ಳೆಯ ಗೊಬ್ಬರ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ರೇಸ್‌ವೇ ಕಟ್ಟಲು ಸಾಮಾನ್ಯ ವರ್ಗದವರಿಗೆ 40 ಶೇಕಡಾ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 60 ಶೇಕಡಾ ಸಹಾಯಧನ ನಿಗದಿಯಾಯಿತು. ತೊಟ್ಟಿಗಳು ಹೆಚ್ಚಿವೆ. ಮಾರಾಟದ ದಾರಿ ಮಾತ್ರ ಅಷ್ಟೇ ಕಡಿದಾಗಿದೆ: ಟ್ರೌಟ್ ಬೇಗ ಹಾಳಾಗುವ ಮೀನು, ಬೆಲೆ ಕೊಡುವ ಗಿರಾಕಿ ದೆಹಲಿಯಲ್ಲಿ, ನಡುವೆ ಒಂದು ರಾತ್ರಿಯ ಘಾಟಿ ರಸ್ತೆ, ಅದರಲ್ಲೂ ಭೂಕುಸಿತ. ಹಾಗಾಗಿ ಹತ್ತಿರದಲ್ಲೇ ಕೊಳ್ಳುವವರನ್ನು ಹುಡುಕಿಕೊಂಡವರು ಗೆದ್ದರು. 2024ರ ಕೊನೆಯಲ್ಲಿ ಉತ್ತರಾಖಂಡ ಸರ್ಕಾರ ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಕುರಿ, ಮೇಕೆ, ಕೋಳಿಯ ಜೊತೆ ಸ್ಥಳೀಯ ಟ್ರೌಟನ್ನೂ ಸೇರಿಸಿದ್ದು, ನನ್ನ ಲೆಕ್ಕದಲ್ಲಿ, ಹತ್ತು ಸಹಾಯಧನಕ್ಕೆ ಸಮ.

ಹೊಳೆಯಂಚಿನ ತೊಟ್ಟಿಗೆ ಹೊಳೆಯದೇ ಭಯ. 2023ರ ಜುಲೈ ಪ್ರವಾಹದಲ್ಲಿ ಕುಲ್ಲು ಭಾಗದ ಟ್ರೌಟ್ ಸಾಕಣೆಗಾರರು ತೊಟ್ಟಿ, ಮೀನು ಎರಡನ್ನೂ ಕಳೆದುಕೊಂಡರು. ನೀರು ಬೇಕೆಂದು ಹೊಳೆಗೆ ಅಂಟಿಸಿ ಕಟ್ಟುವ ಬದಲು ನೂರು ಮೀಟರ್ ಹೆಚ್ಚು ಪೈಪು ಹಾಕಿ ಎತ್ತರದಲ್ಲಿ ಕಟ್ಟಿದರೆ ಆರಂಭದ ಖರ್ಚು ಏರುತ್ತದೆ, ನಿದ್ದೆ ಉಳಿಯುತ್ತದೆ.

ಟ್ರೌಟ್ ಎಲ್ಲ ಬೆಟ್ಟಕ್ಕೂ ಅಲ್ಲ. ಸಾವಿರ, ಸಾವಿರದೈನೂರು ಮೀಟರಿನ ನಡುಬೆಟ್ಟದಲ್ಲಿ ಬೇಸಿಗೆಯ ನೀರು ಟ್ರೌಟ್‌ಗೆ ಬಿಸಿ, ಚಳಿಗಾಲದ ನೀರು ಕಾಟ್ಲಾ–ರೋಹುವಿಗೆ ತಣ್ಣಗೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಸಣ್ಣ ಹೊಂಡದಲ್ಲಿ ಹುಲ್ಲುಗೆಂಡೆ, ಬೆಳ್ಳಿಗೆಂಡೆ, ಸಾಮಾನ್ಯ ಗೆಂಡೆ ಮೂರನ್ನೂ ಕೂಡಿಸಿ ಸಾಕುವುದು ಸರಿಹೊಂದುತ್ತದೆ. ಹೊಂಡದ ನೀರು ತರಕಾರಿಗೆ, ಕೊಟ್ಟಿಗೆಯ ಹುಲ್ಲು ಮೀನಿಗೆ. 1987ರಲ್ಲಿ ರಾಷ್ಟ್ರೀಯ ಕೇಂದ್ರವಾಗಿ ಆರಂಭವಾದ, ಈಗ ಉತ್ತರಾಖಂಡದ ಭೀಮ್‌ತಾಲ್‌ನಲ್ಲಿರುವ ಶೀತಜಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಂಗೆರಿಯ ಸುಧಾರಿತ ಗೆಂಡೆ ತಳಿಗಳನ್ನು ಇದಕ್ಕಾಗಿಯೇ ಹಂಚಿದೆ. ಸುದ್ದಿಯಾಗುವುದು ಟ್ರೌಟ್, ಬಡವರ ಸಾರಿಗೆ ಬೀಳುವುದು ಗೆಂಡೆ.

ಹೊಳೆಯ ಮೂಲನಿವಾಸಿಗಳು

ಇಲ್ಲಿಯವರೆಗಿನದು ಸಾಕಣೆ. ಸಂರಕ್ಷಣೆ ಬೇರೆಯೇ ಕೆಲಸ. ಸರ್ಕಾರಿ ಕಡತಗಳಲ್ಲಿ ಇವೆರಡೂ ಒಂದೇ ಇಲಾಖೆ, ಒಂದೇ ಶೀರ್ಷಿಕೆಯಡಿ ಬರುವುದರಿಂದ ಗೊಂದಲವೂ ಅಲ್ಲಿಂದಲೇ ಶುರು.

ಹಿಮಾಲಯದ ತಣ್ಣನೆ ತೊರೆಗಳಿಗೆ ತಮ್ಮದೇ ಮೀನುಗಳಿವೆ. ಕುಮಾವೂಂನವರು ಅಸೇಲಾ ಎನ್ನುವ ಮೀನನ್ನು ಪುಸ್ತಕಗಳು ಸ್ನೋ ಟ್ರೌಟ್ ಎಂದು ಕರೆದರೂ ಅದು ಟ್ರೌಟ್ ಅಲ್ಲ, ಗೆಂಡೆಯ ಕುಲ. ಬಾಯಿ ತಲೆಯಡಿಗಿದೆ, ಕೆಳದುಟಿಯ ಹೀರುಬಿಲ್ಲೆಯನ್ನು ಬಂಡೆಗೆ ಒತ್ತಿಕೊಂಡು ಭೋರ್ಗರೆವ ನೀರಿನಲ್ಲೂ ನಿಂತು ಪಾಚಿ ಕೆರೆದು ತಿನ್ನುತ್ತದೆ. ಮೇವಿನ ಖರ್ಚಿಲ್ಲದ ಇಂಥ ಮೀನನ್ನು ಸಾಕಬಾರದೇ ಎಂದರೆ, ಅದು ಬೆಳೆಯುವುದು ಬಹಳ ನಿಧಾನ. ಜಾಗತಿಕ ಕೆಂಪುಪಟ್ಟಿಯಲ್ಲಿ ಅದೀಗ ಅಪಾಯದ ಅಂಚಿನ ಮೀನು. ಕಾರಣಗಳಲ್ಲಿ ಒಂದು ಬ್ರೌನ್ ಟ್ರೌಟ್. ರೇನ್‌ಬೋ ನಮ್ಮ ಹಿಮಾಲಯದ ನದಿಗಳಲ್ಲಿ ತಾನಾಗಿ ವಂಶ ಬೆಳೆಸಿದ್ದು ಕಡಿಮೆ. ಬ್ರೌನ್ ಹಾಗಲ್ಲ, ನೂರು ವರ್ಷದಲ್ಲಿ ಊರವನೇ ಆಗಿದೆ. ಉತ್ತರಕಾಶಿ ಜಿಲ್ಲೆಯ ಡೋಡಿತಾಲ್ ಸರೋವರದಲ್ಲಂತೂ ಅದೇ ಆಕರ್ಷಣೆ. ಅದು ಅಸೇಲಾದ ಮರಿಗಳನ್ನು ತಿನ್ನುತ್ತದೆ, ಅದರ ಮಡುಗಳನ್ನು ಹಿಡಿಯುತ್ತದೆ.

ಇನ್ನೊಂದು ಮೀನು ಹೊನ್ನಿನ ಬಣ್ಣದ ಮಹಶೀರ್. ದೊಡ್ಡ ಹುರುಪೆ, ದಪ್ಪ ತುಟಿ; ಹಿಮಾಚಲ, ಉತ್ತರಾಖಂಡ, ಅರುಣಾಚಲಗಳ ರಾಜ್ಯ ಮೀನು, ಕೆಂಪುಪಟ್ಟಿಯಲ್ಲಿ ಅಳಿವಿನಂಚಿನದು. ಬೆಟ್ಟದ ಬುಡದ ದೊಡ್ಡ ಹೊಳೆಯಲ್ಲಿ ಬಾಳಿ, ಮಳೆಗಾಲದ ನೀರೇರಿದಾಗ ಮೇಲಿನ ಸಣ್ಣ ಉಪನದಿಗಳಿಗೆ ಹತ್ತಿ, ಜಲ್ಲಿಯ ಮೇಲೆ ಕಂತುಕಂತಾಗಿ ಮೊಟ್ಟೆ ಇಟ್ಟು ಇಳಿಯುತ್ತದೆ. ಈ ಹತ್ತುವ ದಾರಿಯಲ್ಲಿ 260 ಮೀಟರ್ ಎತ್ತರದ ಟೆಹ್ರಿ ಅಣೆಕಟ್ಟೆಯಂಥದ್ದು ನಿಂತರೆ ಅದರ ಕಥೆ ಏನಾಗಬೇಕು ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಇದಕ್ಕೆ ಸುಲಭದ ಉತ್ತರ ಹ್ಯಾಚರಿ. ಭೀಮ್‌ತಾಲ್‌ನಲ್ಲಿ, ಹಿಮಾಚಲದ ಜೋಗಿಂದರ್‌ನಗರ ಬಳಿಯ ಮಚ್ಛಿಯಾಲ್‌ನಲ್ಲಿ ಮಹಶೀರ್ ಮರಿ ಮಾಡಿಸುತ್ತಾರೆ. ಟ್ರೌಟ್‌ನಂತೆಯೇ ಹಿಂಡುವುದು, ಹರಿವ ನೀರಿನ ತಟ್ಟೆಯಲ್ಲಿ ಇಡುವುದು. 22–24 ಡಿಗ್ರಿ ನೀರಿನಲ್ಲಿ ಮೂರ್ನಾಲ್ಕು ದಿನಕ್ಕೇ ಒಡೆಯುತ್ತದೆ. ಹುಟ್ಟಿದ ಮರಿಗಳು ತಲೆಯನ್ನು ಮೂಲೆಗೆ ತೂರಿಸಿ ಗುಂಪಾಗಿ ಅಡಗುತ್ತವೆ. ಹೊಳೆಯಲ್ಲಿ ಜಲ್ಲಿಯ ಸಂದಿಗೆ ಸೇರಬೇಕಾದ ಬುದ್ಧಿ ಅದು. ಬೆರಳುದ್ದ ಆದ ಮೇಲೆ ನದಿಗೆ ಬಿಡುತ್ತಾರೆ, ಮಂತ್ರಿಗಳು ಬಂದರೆ ಫೋಟೋವೂ ಆಗುತ್ತದೆ. ಮರಿ ಮಾಡಿಸುವ ವಿದ್ಯೆ ಬೆಲೆಬಾಳುವಂಥದ್ದೇ. ಆದರೆ ಬಿಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೆ: ಈ ಮರಿ ಈ ನದಿಯದೇ ಹೌದೇ?

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಹು ದೂರ ಹೋಗಬೇಕಿಲ್ಲ, ಕಾವೇರಿ ಸಾಕು. ಕಾವೇರಿಯದು ತಣ್ಣೀರಲ್ಲ, ಆದರೆ ಪಾಠ ಎಲ್ಲ ನದಿಗೂ ಒಂದೇ. ನಮ್ಮ ಗೂನುಬೆನ್ನಿನ ಮಹಶೀರ್, ಕಾವೇರಿ ದಡದವರ ಬಿಳಿಮೀನು, ಪ್ರಪಂಚದಲ್ಲೇ ದೊಡ್ಡ ಮಹಶೀರ್‌ಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡು ತೂಗಿತ್ತು. ಮೀನು ಕಡಿಮೆಯಾಗುತ್ತಿದೆ ಎಂದು ಕಾಳಜಿಯಿಂದಲೇ ಲೋನಾವಳದ ಹ್ಯಾಚರಿಯಲ್ಲಿ ಹುಟ್ಟಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ನೀಲಿ ರೆಕ್ಕೆಯ, ಕೃಷ್ಣಾ ಸೀಮೆಯ ಬೇರೆ ಜಾತಿ. ಗಾಲಿಬೋರೆಯ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ಆಮೇಲೆ ವಿಜ್ಞಾನಿಗಳು ಕೂತು ನೋಡಿದರೆ, ನೀಲಿ ರೆಕ್ಕೆಯದು ಏರುತ್ತ ಹೋಗಿ, ಗೂನುಬೆನ್ನಿನದು ಕಾಣದಾಗುತ್ತ ಬಂದಿತ್ತು. ಟಾರ್ ರೆಮಾದೇವಿ ಎಂದು ಅದರ ಜಾತಿಯನ್ನು ಖಚಿತವಾಗಿ ಗುರುತಿಸಿದ್ದು 2018ರಲ್ಲಿ; ಅದೇ ವರ್ಷ ಅದು ಕೆಂಪುಪಟ್ಟಿಯ ತೀವ್ರ ಅಳಿವಿನಂಚಿನ ಸಾಲಿಗೆ ಸೇರಿತು. ಹೆಸರು ಗೊತ್ತಾಗುವ ಹೊತ್ತಿಗೆ ಮೀನೇ ಮುಗಿಯುತ್ತ ಬಂದಿತ್ತು. ಮರಳು ಗಣಿಗಾರಿಕೆ, ತೋಟೆ, ಅಣೆಕಟ್ಟೆ ಎಲ್ಲದರ ಪಾಲೂ ಇದೆ. ಆದರೂ ಪರಜಾತಿಯನ್ನು ಕೈಯಾರೆ ತಂದು ಬಿಟ್ಟದ್ದು ಸಂರಕ್ಷಣೆಯ ಹೆಸರಿನಲ್ಲೇ.

ಹಿಮಾಲಯದಲ್ಲಿ ಇದನ್ನು ತಪ್ಪಿಸಲು ಮಾಡಬೇಕಾದದ್ದು ಸರಳ, ಬೇಸರದ್ದು: ತಾಯಿಮೀನನ್ನು ಅದೇ ನದಿಯಿಂದ ಹಿಡಿಯುವುದು, ಪ್ರತಿ ಸಲ ಸಾಕಷ್ಟು ಸಂಖ್ಯೆಯ ಗಂಡುಹೆಣ್ಣು ಬಳಸುವುದು, ಮರಿಯನ್ನು ಅದೇ ನದಿಗೆ ಬಿಡುವುದು, ಬಿಟ್ಟದ್ದರಲ್ಲಿ ಎಷ್ಟು ಉಳಿಯಿತು ಎಂದು ಗುರುತು ಹಾಕಿ ನೋಡುವುದು. ಬಿಟ್ಟ ಮರಿಗಳ ಸಂಖ್ಯೆ ಪತ್ರಿಕೆಗೆ ಬರುತ್ತದೆ. ಬದುಕಿದ ಮರಿಗಳ ಸಂಖ್ಯೆಯನ್ನೂ ಅಷ್ಟೇ ಆಸಕ್ತಿಯಿಂದ ಕೇಳುವ ರೂಢಿ ಬರಬೇಕು.

ದೇವರ ಮಡು, ಗಾಳದ ಪರವಾನಗಿ

ಹ್ಯಾಚರಿಗಿಂತ ಮೊದಲೇ ಊರವರು ಕಂಡುಕೊಂಡ ಉಪಾಯ ದೇವಸ್ಥಾನದ ಮಡು. ಉತ್ತರಾಖಂಡದ ಬೈಜನಾಥದಲ್ಲಿ, ಮಚ್ಛಿಯಾಲ್‌ನಲ್ಲಿ ಭಕ್ತರು ಹುರಿಗಡಲೆ, ಹಿಟ್ಟು ಹಾಕಿ ಸಾಕಿದ ಮಹಶೀರ್‌ಗಳಿವೆ. ನಮ್ಮ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇರುವಂತೆ. ದಂಡವಿಲ್ಲದೆ ನಡೆಯುವ ಸಂರಕ್ಷಿತ ವಲಯ ಇದು. ಇದರ ದೌರ್ಬಲ್ಯವನ್ನೂ ಶಿಶಿಲವೇ ತೋರಿಸಿತು: 1996ರಲ್ಲಿ ಯಾರೋ ವಿಷ ಹಾಕಿ ಅಲ್ಲಿನ ಮೀನುಗಳ ಮಾರಣಹೋಮವಾಯಿತು. ಒಂದೇ ಮಡುವಿನಲ್ಲಿ ಮೀನೆಲ್ಲ ಕೂಡಿದ್ದರೆ ಒಂದೇ ರಾತ್ರಿ ಸಾಕು. ಇಂಥ ಮಡುಗಳು ಒಂದು ನದಿಯುದ್ದಕ್ಕೂ ಅಲ್ಲಲ್ಲಿ ಇದ್ದು, ನಡುವಿನ ನೀರೂ ಸರಾಗ ಹರಿದರೆ ಮಾತ್ರ ಒಂದು ಖಾಲಿಯಾದರೆ ಇನ್ನೊಂದರಿಂದ ತುಂಬಿಕೊಳ್ಳುತ್ತದೆ. ಬೆಟ್ಟದ ಹಳ್ಳಗಳಲ್ಲಿ ಬ್ಲೀಚಿಂಗ್ ಪೌಡರ್, ತೋಟೆ, ಕರೆಂಟು ತಂತಿ ಬಳಸಿ ಹಿಡಿಯುವುದು ಈಗಲೂ ನಿಂತಿಲ್ಲ. ಬಲೆ ದೊಡ್ಡ ಮೀನು ಹಿಡಿಯುತ್ತದೆ, ಬ್ಲೀಚಿಂಗ್ ಪೌಡರ್ ಮೀನಿನ ಮುಂದಿನ ವರ್ಷವನ್ನೂ ಕೊಲ್ಲುತ್ತದೆ.

ಮಹಶೀರ್ ಗಾಳಗಾರಿಕೆಯ ಹಳೆಯ ಪ್ರಸಿದ್ಧ ಕೈಪಿಡಿ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ, ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಗಾಳ ಹಾಕುವವರಿಂದಲೇ ಮೀನು ಉಳಿಯಬಲ್ಲದು ಎಂಬ ವಾದಕ್ಕೆ ಅಷ್ಟು ಹಳೆಯ ಬೇರಿದೆ. ಹಿಡಿದು, ತೂಗಿ, ಮರಳಿ ಬಿಡುವ ಪದ್ಧತಿಯಲ್ಲಿ ಮೀನಿಗೆ ನೋವಿದೆ, ಅದನ್ನು ಕ್ರೀಡೆ ಎನ್ನಲು ನನಗೆ ಮನಸ್ಸಾಗದು. ಆದರೂ ಒಂದು ಲೆಕ್ಕ ನಿಜ: ಪರವಾನಗಿ, ಮಾರ್ಗದರ್ಶಿಯ ಕೂಲಿ, ಮನೆವಾಸ್ತವ್ಯದ ಬಾಡಿಗೆ ಊರಿಗೆ ಬಂದರೆ ಊರವರೇ ತೋಟೆ ಹಾಕುವವನನ್ನು ಹಿಡಿಯುತ್ತಾರೆ. ಹಿಮಾಚಲದಲ್ಲಿ ಟ್ರೌಟ್ ನೀರುಗಳು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮುಚ್ಚಿರುತ್ತವೆ, ಮೊಟ್ಟೆ ಇಡುವ ಕಾಲವೆಂದು. ಮಹಶೀರ್ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಟ್ರೌಟ್ ಕಾಲಕ್ಕೆ ಮಾಡಿದ ನಿಯಮ ಮಹಶೀರ್‌ಗೆ ಹೊಂದದು. ಪ್ರತಿ ಮೀನಿಗೂ ಅದರದೇ ರಜೆ ಬೇಕು.

ಆದರೆ ಹೊಳೆಯಲ್ಲಿ ನೀರೇ ಇಲ್ಲದಿದ್ದರೆ ಈ ನಿಯಮಗಳೆಲ್ಲ ಯಾರಿಗೆ? ಬೆಟ್ಟದ ಜಲವಿದ್ಯುತ್ ಯೋಜನೆಗಳಲ್ಲಿ ಬಹಳಷ್ಟು ದೊಡ್ಡ ಜಲಾಶಯ ಕಟ್ಟುವುದಿಲ್ಲ. ನದಿಯನ್ನು ಸುರಂಗಕ್ಕೆ ತಿರುಗಿಸಿ ಕಿಲೋಮೀಟರುಗಟ್ಟಲೆ ಕೆಳಗೆ ಬಿಡುತ್ತವೆ. ನಡುವಿನ ಪಾತ್ರ ಚಳಿಗಾಲದಲ್ಲಿ ಬರೀ ಕಲ್ಲು. ಹಿಮಾಚಲದ ನಿಯಮದ ಪ್ರಕಾರ ನೀರು ಬತ್ತಿದ ಕಾಲದ ಕನಿಷ್ಠ ಒಳಹರಿವಿನ 15 ಶೇಕಡಾ ಬಿಡಬೇಕು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗಂಗೆಯ ಮೇಲಿನ ಕವಲುಗಳಿಗೆ ಹೊರಡಿಸಿದ ಅಧಿಸೂಚನೆ ಒಂದು ಹೆಜ್ಜೆ ಮುಂದಿದೆ: ನವೆಂಬರಿನಿಂದ ಮಾರ್ಚ್‌ವರೆಗೆ ಸರಾಸರಿ ಹರಿವಿನ 20 ಶೇಕಡಾ, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 30. ತಿಂಗಳಿಗೆ ತಕ್ಕಂತೆ ಬದಲಾಗುವುದರಿಂದ ಮಳೆಗಾಲದಲ್ಲಿ ಹತ್ತುವ ಮೀನಿಗೆ ಒಂದಿಷ್ಟು ಸೂಚನೆ ಸಿಗುತ್ತದೆ. ಶೇಕಡಾವಾರು ಸಾಲದು ಎನ್ನುವವರ ಮಾತಿನಲ್ಲೂ ಹುರುಳಿದೆ. ಎರಡಡಿ ಆಳದ ನೀರು ಬೇಕಾದ ಮೀನಿಗೆ ಅಗಲವಾಗಿ ಹರಡಿದ ಅರ್ಧ ಅಡಿ ನೀರು ಕಾಗದದ ಮೇಲೆ 20 ಶೇಕಡಾ ಆದರೂ ದಾರಿಯಲ್ಲ.

ಕುಲ್ಲು ಜಿಲ್ಲೆಯ ತೀರ್ಥನ್ ನದಿಗೆ ಈ ಶೇಕಡಾ ಲೆಕ್ಕವೇ ಬೇಡವಾಯಿತು. ಅಲ್ಲಿ ಜಲವಿದ್ಯುತ್ ಯೋಜನೆ ಬೇಡವೆಂದು ಕಣಿವೆಯ ಜನ ಹೋರಾಡಿದರು, ಹಿಮಾಚಲ ಸರ್ಕಾರ ಒಪ್ಪಿ ನದಿಯನ್ನು ಯೋಜನೆಗಳಿಂದ ಹೊರಗಿಟ್ಟಿತು. ಆ ವಾದದಲ್ಲಿ ಬಲವಾಗಿ ನಿಂತದ್ದು ಟ್ರೌಟ್. ಬ್ರಿಟಿಷರು ಬಿಟ್ಟು ಹೋದ, ಅಸೇಲಾವನ್ನು ತಿನ್ನುವ ಅದೇ ಬ್ರೌನ್ ಟ್ರೌಟ್. ಅದನ್ನು ಹಿಡಿಯಲು ಬರುವ ಪ್ರವಾಸಿಗರಿಂದ ಕಣಿವೆಗೆ ಆದಾಯವಿತ್ತು, ಅದರಿಂದ ನದಿ ಉಳಿಯಿತು, ನದಿಯೊಂದಿಗೆ ಅದರಲ್ಲಿದ್ದ ಅಸೇಲಾ ಕೂಡ. ಹಾಗಾಗಿ ತೀರ್ಥನ್‌ನಿಂದ ಟ್ರೌಟ್ ಕಿತ್ತುಹಾಕಿ ಎಂದು ಹೇಳಲು ನಾನು ಸಿದ್ಧನಿಲ್ಲ. ಆದರೆ ಅದು ಇನ್ನೂ ತಲುಪದ ಮೇಲಿನ ಹಳ್ಳಗಳಿಗೆ ಹೊಸದಾಗಿ ಮರಿ ಬಿಡುವ ಪ್ರಸ್ತಾವ ಬಂದಾಗ, ಅಲ್ಲಿ ಈಗ ಯಾವ ಮೀನಿದೆ ಎಂದು ಒಂದು ವರ್ಷ ಬಲೆ ಹಾಕಿ ನೋಡಿದ ವರದಿಯಿಲ್ಲದೆ ಪಂಚಾಯಿತಿ ಸಹಿ ಹಾಕಕೂಡದು.